ಕಿವಿಯ ನರದ ಗಡ್ಡೆಗೆ ರೇಡಿಯೋಸರ್ಜರಿ: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಈ ಸರಣಿಯಲ್ಲಿ ಇದುವರೆಗೆ ಬಿಪಿ, ಕೊಲೆಸ್ಟ್ರಾಲ್, ಸ್ಟೆಂಟ್ ಎಂದು ನನ್ನ ವಿಷಯವನ್ನೇ ಬರೆಯುತ್ತ ಬಂದೆ. ಈ ಸಲ ಕಿವಿಯ ನರದ ಬಗ್ಗೆ. ಹೃದಯದ ಡಾಕ್ಟರಿಗೆ ಕಿವಿಯ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣ ಎರಡಿವೆ. ತಲೆಸುತ್ತು ಬಂದ ಕೂಡಲೇ ಜನ "ಬಿಪಿ ಇರಬೇಕು, ಹಾರ್ಟ್ ಇರಬೇಕು" ಎಂದುಕೊಂಡು ಮೊದಲು ನಮ್ಮ ಬಾಗಿಲಿಗೇ ಬರುತ್ತಾರೆ. ಇಸಿಜಿ, ಎಕೋ, ಹೋಲ್ಟರ್ ಎಲ್ಲ ಸರಿಯಾಗಿದ್ದು, ಕೊನೆಗೆ ಕಾರಣ ಕಿವಿಯ ಕಡೆ ಸಿಗುವವರು ಇದ್ದಾರೆ. ಎರಡನೆಯದಾಗಿ, ಈ ಗಡ್ಡೆ ಸಿಕ್ಕುವವರಲ್ಲಿ ಬಹಳ ಮಂದಿ ಐವತ್ತರ ಆಸುಪಾಸಿನವರು ಅಥವಾ ಅದನ್ನು ದಾಟಿದವರು. ಸ್ಟೆಂಟ್, ಪೇಸ್‌ಮೇಕರ್, ರಕ್ತ ತೆಳುವಾಗಿಸುವ ಮಾತ್ರೆ ಇರುವ ವಯಸ್ಸು ಅದು. ಹಾಗಾಗಿ ಅವರ ಮಕ್ಕಳು ನನ್ನನ್ನು ಕೇಳುತ್ತಾರೆ: "ಡಾಕ್ಟ್ರೇ, ಅಪ್ಪನಿಗೆ ರೇಡಿಯೇಷನ್ ಕೊಡೋಣ ಅಂತಿದಾರೆ. ಹಾರ್ಟಿಗೆ ಏನೂ ಆಗಲ್ವಾ? ಕಿವಿ ವಾಪಸ್ ಬರುತ್ತಾ?"

ಮೊದಲನೆಯದಕ್ಕೆ ಉತ್ತರ: ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಎರಡನೆಯದಕ್ಕೆ ಉತ್ತರ: ಹೋದ ಕಿವಿ ವಾಪಸ್ ಬರುವುದಿಲ್ಲ. ಈ ಎರಡನೆಯ ಮಾತನ್ನು ಮೊದಲೇ ಸರಿಯಾಗಿ ಹೇಳದೆ ಇರುವುದರಿಂದ, ಚಿಕಿತ್ಸೆ ಚೆನ್ನಾಗಿ ಆಗಿದ್ದರೂ "ದುಡ್ಡು ದಂಡ ಆಯ್ತು" ಎಂದು ಕೊರಗುವ ಮನೆಗಳಿವೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಪುರುಸೊತ್ತಾದಾಗ ಓದಿ.

*ಗಡ್ಡೆ ಎಂದರೆ ಯಾವ ಗಡ್ಡೆ?*

ಇದನ್ನು ರಿಪೋರ್ಟಿನಲ್ಲಿ ಅಕೌಸ್ಟಿಕ್ ನ್ಯೂರೋಮಾ ಎಂದೋ ವೆಸ್ಟಿಬ್ಯುಲರ್ ಶ್ವಾನೋಮಾ ಎಂದೋ ಬರೆದಿರುತ್ತಾರೆ. ಎರಡೂ ಒಂದೇ. ಹಳೆಯ ಹೆಸರು ಎರಡು ರೀತಿಯಲ್ಲಿ ತಪ್ಪು. ಅದು ಹುಟ್ಟುವುದು ಕೇಳುವ ನರದಲ್ಲಲ್ಲ, ಅದರ ಪಕ್ಕದಲ್ಲೇ ಇರುವ ಸಮತೋಲನದ ನರದಲ್ಲಿ. ಬೆಳೆಯುವುದೂ ನರವಲ್ಲ, ನರದ ಮೇಲಿನ ಹೊದಿಕೆಯ ಶ್ವಾನ್ ಎಂಬ ಜೀವಕೋಶಗಳು. ಕರೆಂಟ್ ವೈರಿನ ಪ್ಲಾಸ್ಟಿಕ್ ಹೊದಿಕೆ ಒಂದು ಕಡೆ ಉಬ್ಬಿಕೊಂಡಂತೆ ಎಂದು ಊಹಿಸಿಕೊಳ್ಳಿ. ಇದು ಕ್ಯಾನ್ಸರ್ ಅಲ್ಲ. ದೇಹದ ಬೇರೆ ಕಡೆಗೆ ಹರಡುವುದಿಲ್ಲ. ಬೆಳೆದರೂ ಸಾಮಾನ್ಯವಾಗಿ ವರ್ಷಕ್ಕೆ 1 ರಿಂದ 2 ಮಿಲಿಮೀಟರ್. ಅನೇಕರಲ್ಲಿ ವರ್ಷಗಟ್ಟಲೆ ಬೆಳೆಯುವುದೇ ಇಲ್ಲ.

ಹಾಗಾದರೆ ತೊಂದರೆ ಏನು? ಜಾಗ. ಕಿವಿಯ ಹಿಂದಿನ ಮೂಳೆಯಲ್ಲಿ ಒಂದು ಸಣ್ಣ ಕೊಳವೆ ಇದೆ. ಕೇಳುವ ನರ, ಸಮತೋಲನದ ಎರಡು ನರ, ಮುಖವನ್ನು ಆಡಿಸುವ ನರ, ಈ ನಾಲ್ಕೂ ಅದೇ ಕೊಳವೆಯಲ್ಲಿ ಒತ್ತೊತ್ತಾಗಿ ಹೋಗುತ್ತವೆ. ಒಂದು ಉಬ್ಬಿದರೆ ಉಳಿದವಕ್ಕೆ ಜಾಗ ಇಲ್ಲ. ಕೊಳವೆ ದಾಟಿ ಒಳಗೆ ಬೆಳೆದರೆ ಮಿದುಳಿನ ಕಾಂಡ ಪಕ್ಕದಲ್ಲೇ ಇದೆ. ಉಸಿರಾಟ, ಹೃದಯ ಬಡಿತವನ್ನು ನಡೆಸುವ ಜಾಗ ಅದು. ಸ್ವಭಾವದಲ್ಲಿ ಸಾಧು ಗಡ್ಡೆಯೇ. ಆದರೆ ಕುಳಿತ ಜಾಗ ಚೆನ್ನಾಗಿಲ್ಲ.

ನಿಮ್ಮ ಮಕ್ಕಳಿಗೆ ಮಾರ್ವೆಲ್ ಸಿನಿಮಾಗಳ ಹಲ್ಕ್ ಗೊತ್ತಿರುತ್ತಾನೆ. ಆ ಪಾತ್ರ ಮಾಡುವ ನಟ ಮಾರ್ಕ್ ರಫಲೋ ಅವರಿಗೆ 2001ರಲ್ಲಿ ಇದೇ ಗಡ್ಡೆ ಸಿಕ್ಕಿ ಆಪರೇಷನ್ ಆಯಿತು. ಎಡಗಿವಿಯ ಕೇಳುವಿಕೆ ಹೋಯಿತು, ಮುಖದ ಒಂದು ಭಾಗ ತಿಂಗಳುಗಟ್ಟಲೆ ಆಡಲಿಲ್ಲ. ಆಮೇಲೆ ಮುಖ ಸರಿಹೋಯಿತು, ಕಿವಿ ಬರಲಿಲ್ಲ. ಇದನ್ನು ಅವರೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ.

*ಹೊರರಾಜ್ಯದಲ್ಲಿರುವ ನಮಗೆ ಇರುವ ಒಂದು ತೊಡಕು*

ಈ ಗಡ್ಡೆಯ ಮೊದಲ ಲಕ್ಷಣ ಬಹುತೇಕ ಒಂದೇ: ಒಂದು ಕಿವಿಯಲ್ಲಿ ಮಾತ್ರ ಕೇಳುವುದು ಕಡಿಮೆಯಾಗುವುದು. ಅದೂ ವಿಚಿತ್ರವಾಗಿ. ಸದ್ದು ಕೇಳುತ್ತದೆ, ಮಾತು ಬಿಡಿಸಿಕೊಳ್ಳಲು ಆಗುವುದಿಲ್ಲ. ಫೋನನ್ನು ಆ ಕಿವಿಗೆ ಹಿಡಿದರೆ ಯಾರೋ ಮಾತಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ, ಏನು ಎಂದು ಗೊತ್ತಾಗುವುದಿಲ್ಲ.

ಈಗ ಕಾಕ್ಕನಾಡಿನಲ್ಲಿ ಇನ್ಫೋಪಾರ್ಕಿನ ಹಿಂದಿನ ಫ್ಲ್ಯಾಟಿನಲ್ಲಿ ಮಗನ ಜತೆ ಇರಲು ದಾವಣಗೆರೆಯಿಂದಲೋ ಪುತ್ತೂರಿನಿಂದಲೋ ಬಂದ ಒಬ್ಬ ತಾಯಿಯನ್ನು ನೆನೆಸಿಕೊಳ್ಳಿ. ಹಾಲಿನವನು ಮಲಯಾಳಂನಲ್ಲಿ ಏನೋ ಹೇಳಿದ, ತಿಳಿಯಲಿಲ್ಲ. ಸೆಕ್ಯುರಿಟಿಯವನು ಇಂಟರ್‌ಕಾಂನಲ್ಲಿ ಹೇಳಿದ್ದೂ ತಿಳಿಯಲಿಲ್ಲ. ಆಕೆ ಅಂದುಕೊಳ್ಳುವುದು ಭಾಷೆ ಬರುವುದಿಲ್ಲ ಎಂದೇ ಹೊರತು ಕಿವಿ ಕೇಳುವುದಿಲ್ಲ ಎಂದಲ್ಲ. ಮನೆಯವರೂ ಹಾಗೆಯೇ ಅಂದುಕೊಳ್ಳುತ್ತಾರೆ. ಊರಲ್ಲಿದ್ದಿದ್ದರೆ ಆರು ತಿಂಗಳಲ್ಲಿ ಯಾರಾದರೂ "ಯಾಕಮ್ಮ, ಆ ಕಡೆ ಕಿವಿ ಕೇಳಲ್ವಾ?" ಎಂದು ಕೇಳಿರುತ್ತಿದ್ದರು. ಇಲ್ಲಿ ಎರಡು ವರ್ಷ ಕಳೆಯುತ್ತದೆ. ನಮ್ಮ ದೇಶದಲ್ಲಿ ಈ ಗಡ್ಡೆ ದೊಡ್ಡದಾದ ಮೇಲೆಯೇ ಸಿಗುವುದು ಜಾಸ್ತಿ ಎಂದು ನರಶಸ್ತ್ರಚಿಕಿತ್ಸಕರು ಬಹಳ ವರ್ಷಗಳಿಂದ ಹೇಳುತ್ತಿದ್ದಾರೆ. ದೊಡ್ಡದಾದ ಮೇಲೆ ರೇಡಿಯೋಸರ್ಜರಿಯ ದಾರಿ ಮುಚ್ಚಿಹೋಗುತ್ತದೆ. ಹಾಗಾಗಿ ಇದು ಸಣ್ಣ ವಿಷಯವಲ್ಲ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ: ಕನ್ನಡದಲ್ಲಿ ಮಾತಾಡುವ ಯಾರಿಗಾದರೂ ಫೋನ್ ಮಾಡಿ, ಸ್ಪೀಕರ್ ಹಾಕದೆ, ಮೊದಲು ಬಲಗಿವಿಗೆ, ಆಮೇಲೆ ಎಡಗಿವಿಗೆ ಹಿಡಿಯಿರಿ. ಎರಡರಲ್ಲೂ ಒಂದೇ ರೀತಿ ಕೇಳಬೇಕು. ವ್ಯತ್ಯಾಸ ಇದ್ದರೆ ಇಎನ್‌ಟಿ ಡಾಕ್ಟರನ್ನು ನೋಡಿ. ಒಂದೇ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ನಿಲ್ಲದೆ ಬರುತ್ತಿದ್ದರೂ ಅಷ್ಟೇ. ಒಂದು ಕಿವಿ ಇದ್ದಕ್ಕಿದ್ದಂತೆ ಒಂದೆರಡು ದಿನದಲ್ಲಿ ಮಂಕಾದರೆ ಕಾಯಬೇಡಿ, ಅದೇ ದಿನ ಹೋಗಿ. ಅದಕ್ಕೆ ಸ್ಟೆರಾಯ್ಡ್ ಕೊಡುವ ಸಮಯ ಮೊದಲ ಎರಡು ವಾರ ಮಾತ್ರ. ಕಿವಿಗೆ ಬೆಚ್ಚಗಿನ ಎಣ್ಣೆ ಬಿಡುವುದರಿಂದ ಈ ನರಕ್ಕೆ ಏನೂ ತಲುಪುವುದಿಲ್ಲ. ತಮಟೆಯ ಈಚೆ ಕಡೆಯಲ್ಲೇ ಎಣ್ಣೆ ನಿಲ್ಲುತ್ತದೆ, ಗಡ್ಡೆ ಇರುವುದು ಮೂಳೆಯ ಆಚೆ.

ತಲೆಸುತ್ತಿನ ಬಗ್ಗೆ ಒಂದು ಮಾತು, ಅದು ನನ್ನ ಕೆಲಸವಾದ್ದರಿಂದ. ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬರುವುದು, ಎದೆ ಡವಗುಟ್ಟಿ ಬೀಳುವಂತಾಗುವುದು, ಇವಕ್ಕೆ ಹೃದಯ, ಬಿಪಿ ಮಾತ್ರೆ, ರಕ್ತಹೀನತೆ ನೋಡಬೇಕು. ಮಗ್ಗುಲು ಬದಲಿಸಿದಾಗ ಕೋಣೆಯೇ ಗಿರಗಿರ ಸುತ್ತಿ ಅರ್ಧ ನಿಮಿಷದಲ್ಲಿ ನಿಂತರೆ ಅದು ಒಳಗಿವಿಯ ಹರಳು ಜಾರಿದ್ದು. ಈ ಗಡ್ಡೆಯವರು ಹೇಳುವುದು ಬೇರೆ: ಕತ್ತಲಲ್ಲಿ ನಡೆಯುವಾಗ ಒಂದು ಕಡೆಗೆ ವಾಲುವುದು, ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯಬೇಕು ಅನ್ನಿಸುವುದು. ನಿಧಾನವಾಗಿ ಬರುವುದರಿಂದ ಮಿದುಳು ಹೊಂದಿಕೊಂಡುಬಿಡುತ್ತದೆ, ಜೋರಾದ ಸುತ್ತು ಕಡಿಮೆ.

*ಕನ್ನಡದ ಪದಗಳಲ್ಲೇ ಪರೀಕ್ಷೆ ಮಾಡಿಸಿ*

ಇದು ಬೇರೆ ಯಾರೂ ಹೇಳದ ವಿಷಯ, ಆದ್ದರಿಂದ ಒತ್ತಿ ಹೇಳುತ್ತೇನೆ. ಆಡಿಯೋಮೆಟ್ರಿಯಲ್ಲಿ ಎರಡು ಭಾಗ. ಒಂದು, ಬೀಪ್ ಸದ್ದು ಎಷ್ಟು ಮೆಲ್ಲಗೆ ಕೇಳುತ್ತದೆ ಎಂದು ನೋಡುವುದು. ಇದಕ್ಕೆ ಭಾಷೆ ಬೇಡ. ಇನ್ನೊಂದು, ಪದಗಳನ್ನು ಕೇಳಿಸಿ "ಏನು ಹೇಳಿದೆ, ಹೇಳಿ" ಎಂದು ಕೇಳುವುದು. ನೂರಕ್ಕೆ ಎಷ್ಟು ಪದ ಸರಿ ಹೇಳಿದಿರಿ ಎಂಬುದೇ ಅಂಕ.

ಈ ಗಡ್ಡೆಯಲ್ಲಿ ಮುಖ್ಯವಾಗುವುದು ಆ ಎರಡನೆಯ ಅಂಕವೇ. ಬೀಪ್ ಸದ್ದು 50 ಡೆಸಿಬೆಲ್ ಅಥವಾ ಅದಕ್ಕಿಂತ ಕಡಿಮೆಯಲ್ಲಿ ಕೇಳಿಸಿ, ಪದಗಳಲ್ಲಿ 50 ಪ್ರತಿಶತವಾದರೂ ಸರಿಯಾದರೆ ಅದನ್ನು "ಉಪಯೋಗಕ್ಕೆ ಬರುವ ಕೇಳುವಿಕೆ" ಎಂದು ಲೆಕ್ಕ ಹಾಕುತ್ತಾರೆ. ಆ ಗೆರೆಯ ಮೇಲಿದ್ದೀರೋ ಕೆಳಗಿದ್ದೀರೋ ಎನ್ನುವುದರ ಮೇಲೆ ಕಾಯಬೇಕೋ, ಕಿರಣ ಕೊಡಬೇಕೋ, ಯಾವ ಕಡೆಯಿಂದ ಆಪರೇಷನ್ ಮಾಡಬೇಕೋ ಎಂಬ ತೀರ್ಮಾನ ನಿಲ್ಲುತ್ತದೆ. ಕೆಳಗಿದ್ದೀರಿ ಎಂದಾದರೆ "ಈ ಕಿವಿ ಹೇಗೂ ಹೋಗಿದೆ, ಉಳಿಸುವ ಪ್ರಶ್ನೆ ಇಲ್ಲ" ಎಂದುಕೊಂಡು ಮುಂದುವರಿಯುತ್ತಾರೆ.

ಈಗ ಯೋಚಿಸಿ. ಮಲಯಾಳಂ ಬಾರದ ನಮ್ಮ ಅಮ್ಮನಿಗೆ ಎರ್ನಾಕುಲಂನ ಕ್ಲಿನಿಕ್ಕಿನಲ್ಲಿ ಮಲಯಾಳಂ ಪದಗಳ ಪಟ್ಟಿ ಕೇಳಿಸಿದರೆ ಅಂಕ ಎಷ್ಟು ಬಂದೀತು? ಕಿವಿ ಚೆನ್ನಾಗಿದ್ದರೂ ಕಡಿಮೆ ಬರುತ್ತದೆ. ಚೆವಿ ಎಂದರೆ ಕಿವಿ ಎಂದು ಊಹಿಸಬಹುದು, ಎಲ್ಲ ಪದವೂ ಹಾಗಿರುವುದಿಲ್ಲವಲ್ಲ. ಆದ್ದರಿಂದ ಆಡಿಯಾಲಜಿಸ್ಟರಿಗೆ ಮೊದಲೇ ಹೇಳಿ: ಮಾತೃಭಾಷೆ ಕನ್ನಡ. ಕನ್ನಡದ ಪದಪಟ್ಟಿಗಳು ಇವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇವನ್ನು ತಯಾರಿಸಿದ್ದಾರೆ. ಕೇರಳದಲ್ಲಿ ಕೆಲಸ ಮಾಡುವ ಆಡಿಯಾಲಜಿಸ್ಟರಲ್ಲಿ ಮೈಸೂರು, ಮಂಗಳೂರಿನಲ್ಲಿ ಓದಿದವರು ಸಿಗುತ್ತಾರೆ. ತಿರುವನಂತಪುರದವರಿಗೆ ಆಕ್ಕುಲಂನಲ್ಲಿ ನಿಶ್ ಇದೆ, 1997ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ. ಎಲ್ಲಿಯೂ ಆಗದಿದ್ದರೆ ರಜೆಗೆ ಊರಿಗೆ ಹೋದಾಗ ಮೈಸೂರಿನಲ್ಲಿ ಮಾಡಿಸಿಕೊಂಡು ಬನ್ನಿ. ಮುಂದೆ ಹತ್ತು ವರ್ಷ ಹೋಲಿಸಿ ನೋಡಬೇಕಾದ ಅಂಕ ಇದು. ಮೊದಲ ಸಲವೇ ತಪ್ಪು ಭಾಷೆಯಲ್ಲಿ ತೆಗೆದರೆ ಮುಂದಿನ ಲೆಕ್ಕವೆಲ್ಲ ತಪ್ಪು.

ಎರಡು ಕಿವಿಗೆ ವ್ಯತ್ಯಾಸ ಕಂಡರೆ ಕಾಂಟ್ರಾಸ್ಟ್ ಹಾಕಿ ಎಂಆರ್‌ಐ. ಗಡ್ಡೆ ಇದೆಯೋ ಇಲ್ಲವೋ ಅದು ಹೇಳುತ್ತದೆ. ಎರಡೂ ಕಡೆ ಗಡ್ಡೆ ಇದ್ದರೆ ಅದು ಎನ್‌ಎಫ್ 2 ಎಂಬ ಅನುವಂಶಿಕ ಕಾಯಿಲೆ, ಅದರ ದಾರಿ ಬೇರೆ, ಇಲ್ಲಿ ಬರೆಯುವ ಅಂಕಿಗಳು ಅವರಿಗೆ ಅನ್ವಯಿಸುವುದಿಲ್ಲ.

*ರೇಡಿಯೋಸರ್ಜರಿ ಎಂದರೆ ಚಾಕು ಇಲ್ಲದ ಸರ್ಜರಿ*

ಹೆಸರಿನಲ್ಲಿ ಸರ್ಜರಿ ಇದೆ, ಗಾಮಾ ನೈಫ್ ಎಂಬ ಯಂತ್ರದ ಹೆಸರಿನಲ್ಲಿ ಚಾಕುವೂ ಇದೆ. ಆದರೆ ಕೊಯ್ಯುವುದಿಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮಿನ ಲಾರ್ಸ್ ಲೆಕ್ಸೆಲ್ ಎಂಬ ನರಶಸ್ತ್ರಚಿಕಿತ್ಸಕರು 1951ರಲ್ಲಿ ಈ ಕಲ್ಪನೆಯನ್ನು ಮುಂದಿಟ್ಟರು. 1969ರಲ್ಲಿ ಮೊದಲ ಬಾರಿ ಕಿವಿ ನರದ ಗಡ್ಡೆಗೆ ಅವರ ಯಂತ್ರದಿಂದ ಚಿಕಿತ್ಸೆ ಆಯಿತು. ಸುಮಾರು 200 ಕೋಬಾಲ್ಟ್ ಮೂಲಗಳಿಂದ ಸಣ್ಣ ಸಣ್ಣ ಕಿರಣಗಳು ಬೇರೆ ಬೇರೆ ದಿಕ್ಕಿನಿಂದ ತಲೆಯೊಳಗೆ ಹೋಗುತ್ತವೆ. ಒಂದೊಂದು ಕಿರಣವೂ ದುರ್ಬಲ, ದಾರಿಯಲ್ಲಿ ಸಿಗುವ ಮಿದುಳಿಗೆ ಹೆಚ್ಚು ಹಾನಿ ಮಾಡದು. ಎಲ್ಲವೂ ಸೇರುವ ಒಂದು ಬಿಂದುವಿನಲ್ಲಿ ಮಾತ್ರ ಬಲವಾಗುತ್ತವೆ. ಬೇಸಗೆಯಲ್ಲಿ ಭೂತಗನ್ನಡಿ ಹಿಡಿದು ಕಾಗದ ಸುಟ್ಟ ಹುಡುಗಾಟ ನೆನಪಿದ್ದರೆ ಅಷ್ಟು ಸಾಕು.

ಹಣೆ ಮತ್ತು ತಲೆಯ ಹಿಂಭಾಗಕ್ಕೆ ನಾಲ್ಕು ಕಡೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಒಂದು ಲೋಹದ ಚೌಕಟ್ಟನ್ನು ಬಿಗಿಯುತ್ತಾರೆ. ಅದನ್ನು ಹಾಕಿಯೇ ಎಂಆರ್‌ಐ, ಆಮೇಲೆ ಕಂಪ್ಯೂಟರಿನಲ್ಲಿ ಲೆಕ್ಕ, ಆಮೇಲೆ ಚಿಕಿತ್ಸೆ. ಹೊಸ ಯಂತ್ರಗಳಲ್ಲಿ ಚೌಕಟ್ಟಿನ ಬದಲು ಮುಖವಾಡವೂ ಉಂಟು. ಕಿರಣ ಬೀಳುವಾಗ ನೋವಿಲ್ಲ, ಬಿಸಿ ಇಲ್ಲ, ಕೂದಲು ಬೋಳಿಸುವುದಿಲ್ಲ. ಅದೇ ದಿನ ಅಥವಾ ಮರುದಿನ ಮನೆಗೆ. ಸೈಬರ್‌ನೈಫ್ ಮತ್ತು ಲೀನಿಯರ್ ಆಕ್ಸಿಲರೇಟರ್ ಯಂತ್ರಗಳೂ ಇದೇ ಕೆಲಸ ಮಾಡುತ್ತವೆ, ಕೆಲವೊಮ್ಮೆ ಮೂರರಿಂದ ಐದು ದಿನಗಳಲ್ಲಿ ಹಂಚಿ ಕೊಡುತ್ತಾರೆ. ಯಂತ್ರದ ಹೆಸರಿಗಿಂತ ಅದನ್ನು ನಡೆಸುವ ತಂಡ ಇಂಥ ಗಡ್ಡೆಗಳನ್ನು ಎಷ್ಟು ನೋಡಿದೆ ಎನ್ನುವುದು ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಈ ಚಿಕಿತ್ಸೆ 3 ಸೆಂಟಿಮೀಟರಿಗಿಂತ ಸಣ್ಣ ಗಡ್ಡೆಗೆ. ಅದಕ್ಕಿಂತ ದೊಡ್ಡದಾಗಿ ಮಿದುಳಿನ ಕಾಂಡವನ್ನು ಒತ್ತುತ್ತಿದ್ದರೆ, ತಲೆಯೊಳಗೆ ನೀರು ತುಂಬಿಕೊಂಡಿದ್ದರೆ, ಆಪರೇಷನ್ನೇ ಬೇಕು. ಕೆಲವೊಮ್ಮೆ ಮುಖದ ನರಕ್ಕೆ ಅಂಟಿಕೊಂಡ ಚೂರನ್ನು ಬೇಕೆಂದೇ ಬಿಟ್ಟು, ಉಳಿದದ್ದನ್ನು ತೆಗೆದು, ಬಿಟ್ಟ ಚೂರಿಗೆ ಆಮೇಲೆ ಕಿರಣ ಕೊಡುತ್ತಾರೆ. "ಪೂರ್ತಿ ತೆಗೆಯಲಿಲ್ಲ" ಎಂದು ಸರ್ಜನ್ನರ ಮೇಲೆ ಸಿಟ್ಟಾಗಬೇಡಿ. ಮುಖ ಸೊಟ್ಟಗಾಗದಿರಲಿ ಎಂದು ಮಾಡಿದ ಲೆಕ್ಕ ಅದು.

*ಫಲಿತಾಂಶ: ಗಡ್ಡೆಯದು ಒಂದು, ಮುಖದ್ದು ಒಂದು, ಕಿವಿಯದು ಇನ್ನೊಂದು*

ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಕ್ಸಸ್ ಎಂದು ಆಸ್ಪತ್ರೆಯಲ್ಲಿ ಹೇಳುತ್ತಾರೆ. ನಿಜ. ಆದರೆ ಯಾವುದರ ಸಕ್ಸಸ್ ಎಂದು ಕೇಳಬೇಕು. ಗಡ್ಡೆ ಮಾಯವಾಗುವುದಲ್ಲ. ಗಡ್ಡೆ ಇನ್ನು ಬೆಳೆಯದೆ ನಿಲ್ಲುವುದು. ಅದು ಒಳಗೇ ಇರುತ್ತದೆ, ಪ್ರತಿ ಸ್ಕ್ಯಾನಿನಲ್ಲೂ ಕಾಣುತ್ತದೆ.

1998ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ಒಂದು ಲೆಕ್ಕ ಪ್ರಕಟಿಸಿದರು. 1987ರಿಂದ 1992ರವರೆಗೆ ಗಾಮಾ ನೈಫ್ ಚಿಕಿತ್ಸೆ ಪಡೆದ 162 ಜನರನ್ನು ವರ್ಷಗಟ್ಟಲೆ ಗಮನಿಸಿದ ಲೆಕ್ಕ. ಅವರಲ್ಲಿ 62 ಪ್ರತಿಶತ ಜನರಲ್ಲಿ ಗಡ್ಡೆ ಕುಗ್ಗಿತು, 33 ಪ್ರತಿಶತದಲ್ಲಿ ಇದ್ದಂತೆಯೇ ಇತ್ತು, 6 ಪ್ರತಿಶತದಲ್ಲಿ ಸ್ವಲ್ಪ ದೊಡ್ಡದಾಯಿತು. ಆಮೇಲೆ ಆಪರೇಷನ್ ಬೇಕಾದದ್ದು ನಾಲ್ವರಿಗೆ ಮಾತ್ರ. ಗಡ್ಡೆಯ ಮಟ್ಟಿಗೆ ಬಹಳ ಒಳ್ಳೆಯ ಫಲಿತಾಂಶ. ಆದರೆ ಮುಖದ ನರ ಪೂರ್ತಿ ಸರಿಯಾಗಿ ಉಳಿದದ್ದು 79 ಪ್ರತಿಶತ ಜನರಲ್ಲಿ. ಕೇಳುವಿಕೆ ಬದಲಾಗದೆ ಇದ್ದದ್ದು 51 ಪ್ರತಿಶತದಲ್ಲಿ. ಅಂದು ಕೊಡುತ್ತಿದ್ದ ಪ್ರಮಾಣ ಸರಾಸರಿ 16 ಗ್ರೇ.

ಅಲ್ಲಿಂದ ವೈದ್ಯರು ಕಲಿತದ್ದು, ಅಷ್ಟು ಕಿರಣ ಬೇಡ. ಈಗ ಗಡ್ಡೆಯ ಅಂಚಿಗೆ 12 ರಿಂದ 13 ಗ್ರೇ ಕೊಡುತ್ತಾರೆ. ಗಡ್ಡೆ ಅಷ್ಟಕ್ಕೂ ನಿಲ್ಲುತ್ತದೆ, ಮುಖದ ನರ ನೂರಕ್ಕೆ 95ಕ್ಕಿಂತ ಹೆಚ್ಚು ಜನರಲ್ಲಿ ಉಳಿಯುತ್ತದೆ. ಇಂಟರ್‌ನೆಟ್ಟಿನಲ್ಲಿ ಹಳೆಯ ಅಂಕಿ ನೋಡಿ ಹೆದರುವವರು ಈ ಪ್ರಮಾಣದ ವ್ಯತ್ಯಾಸವನ್ನು ಗಮನಿಸಿ. ನೀವು ಹೋಗುವ ಆಸ್ಪತ್ರೆಯಲ್ಲಿ "ಎಷ್ಟು ಗ್ರೇ ಕೊಡುತ್ತೀರಿ? ಕೇಳುವ ಅಂಗವಾದ ಕಾಕ್ಲಿಯಾಕ್ಕೆ ಎಷ್ಟು ಬೀಳುತ್ತದೆ?" ಎಂದು ಧೈರ್ಯವಾಗಿ ಕೇಳಿ. ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ.

ಕಿವಿಯ ವಿಷಯ ಮಾತ್ರ ಇಷ್ಟು ಸುಧಾರಿಸಿಲ್ಲ. ಅಮೆರಿಕದ ನರಶಸ್ತ್ರಚಿಕಿತ್ಸಕರ ಸಂಘಟನೆ 2018ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ, ಚಿಕಿತ್ಸೆಯ ಹೊತ್ತಿಗೆ ಉಪಯೋಗಕ್ಕೆ ಬರುವ ಕೇಳುವಿಕೆ ಇದ್ದ ನೂರು ಜನರಲ್ಲಿ 2 ವರ್ಷ ಮತ್ತು 5 ವರ್ಷದ ಹೊತ್ತಿಗೆ 50 ರಿಂದ 75 ಜನರಿಗೆ ಅದು ಉಳಿದಿರುತ್ತದೆ. 10 ವರ್ಷಕ್ಕೆ 25 ರಿಂದ 50 ಜನರಿಗೆ. ಅಂದರೆ ಹತ್ತು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆ ಕಿವಿಯನ್ನು ಕಳೆದುಕೊಳ್ಳುತ್ತಾರೆ. ಹೋಗುವುದು ನಿಧಾನವಾಗಿ. ಏನೂ ಮಾಡದೆ ಸುಮ್ಮನೆ ಗಮನಿಸುತ್ತಿದ್ದವರಲ್ಲೂ 10 ವರ್ಷದ ಅಂಕಿ ಅದೇ, 25 ರಿಂದ 50. ಇದನ್ನು ಎರಡು ಸಲ ಓದಿ. ಕಿರಣದಿಂದ ಮಾತ್ರ ಕಿವಿ ಹೋಯಿತು ಎನ್ನುವುದೂ ಸರಿಯಲ್ಲ, ಕಿರಣ ಕೊಟ್ಟರೆ ಕಿವಿ ಉಳಿಯುತ್ತದೆ ಎನ್ನುವುದೂ ಸರಿಯಲ್ಲ. ಕಿವಿಯ ಗುಂಯ್ ಸದ್ದು ಮತ್ತು ವಾಲಾಟ ಕೂಡ ಚಿಕಿತ್ಸೆಯಿಂದ ಹೋಗುತ್ತವೆ ಎಂದು ನಂಬಿಕೊಳ್ಳಬೇಡಿ. ವಾಲಾಟಕ್ಕೆ ಫಿಸಿಯೋಥೆರಪಿಯ ವ್ಯಾಯಾಮ ಹೆಚ್ಚು ಉಪಕಾರಿ.

*ಹಾಗಾದರೆ ಕಾಯೋಣವೇ?*

ಸಣ್ಣ ಗಡ್ಡೆಗೆ ಇದು ನಿಜವಾದ ಪ್ರಶ್ನೆ. ನಾರ್ವೆಯ ಬರ್ಗನ್ ನಗರದ ವೈದ್ಯರು ಇದಕ್ಕೆ ಸರಿಯಾದ ಪ್ರಯೋಗ ಮಾಡಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಸದಾಗಿ ಗಡ್ಡೆ ಸಿಕ್ಕ, 2 ಸೆಂಟಿಮೀಟರಿಗಿಂತ ಸಣ್ಣ ಗಡ್ಡೆಯ 100 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೂಡಲೇ ರೇಡಿಯೋಸರ್ಜರಿ. ಇನ್ನೊಂದಕ್ಕೆ ಸ್ಕ್ಯಾನ್ ಮಾಡುತ್ತ ಕಾಯುವುದು, ಬೆಳೆದರೆ ಮಾತ್ರ ಚಿಕಿತ್ಸೆ. ನಾಲ್ಕು ವರ್ಷದ ಮೇಲೆ ಮೊದಲ ಗುಂಪಿನ ಗಡ್ಡೆಗಳು ಮೂಲ ಗಾತ್ರದ 0.87 ಪಟ್ಟಿಗೆ ಕುಗ್ಗಿದ್ದವು, ಕಾದವರದು 1.51 ಪಟ್ಟಾಗಿತ್ತು. ಗಡ್ಡೆಯ ದೃಷ್ಟಿಯಿಂದ ಕಿರಣ ಗೆದ್ದಿತು. ಆದರೆ ಕೇಳುವಿಕೆಯಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಕಾದ 50 ಜನರಲ್ಲಿ 28 ಮಂದಿಗೆ ನಾಲ್ಕು ವರ್ಷವಾದರೂ ಯಾವ ಚಿಕಿತ್ಸೆಯೂ ಬೇಕಾಗಿರಲಿಲ್ಲ. 21 ಮಂದಿಗೆ ಬೆಳೆಯಿತೆಂದು ಆಮೇಲೆ ಕಿರಣ ಕೊಟ್ಟರು. ಕೂಡಲೇ ಚಿಕಿತ್ಸೆ ಪಡೆದ 48 ಜನರಲ್ಲಿ 45 ಮಂದಿಗೆ ಮತ್ತೇನೂ ಬೇಕಾಗಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, 70 ದಾಟಿದ ಅಪ್ಪನಿಗೆ 8 ಮಿಲಿಮೀಟರಿನ ಗಡ್ಡೆ ಬೇರೆ ಯಾವುದಕ್ಕೋ ಮಾಡಿದ ಎಂಆರ್‌ಐನಲ್ಲಿ ಸಿಕ್ಕಿತೆಂದು ಗಾಬರಿಯಿಂದ ಮರುವಾರವೇ ಚಿಕಿತ್ಸೆಗೆ ಓಡುವ ಅಗತ್ಯ ಕಾಣುವುದಿಲ್ಲ. ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿ ನೋಡಬಹುದು. ಆದರೆ ಒಂದು ಷರತ್ತು: ಸ್ಕ್ಯಾನ್ ತಪ್ಪಿಸಬಾರದು. ಕೆಲಸ ಬದಲಾಗಿ ಪುಣೆಗೋ ದುಬೈಗೋ ಹೋಗಿ, ಸ್ಕ್ಯಾನ್ ಮರೆತು, ಐದು ವರ್ಷದ ಮೇಲೆ 4 ಸೆಂಟಿಮೀಟರ್ ಗಡ್ಡೆಯೊಂದಿಗೆ ಬಂದರೆ ಕಾದದ್ದೇ ಮುಳುವಾಗುತ್ತದೆ. ನಲವತ್ತರ ವಯಸ್ಸು, ಸ್ಕ್ಯಾನಿನಿಂದ ಸ್ಕ್ಯಾನಿಗೆ ಬೆಳೆಯುತ್ತಿರುವ ಗಡ್ಡೆ ಆದರೆ ಲೆಕ್ಕ ಬೇರೆ.

*ಆರು ತಿಂಗಳ ಸ್ಕ್ಯಾನ್ ನೋಡಿ ಹೆದರಬೇಡಿ*

ಕಿರಣ ಕೊಟ್ಟ ಮೇಲೆ ಆರು ತಿಂಗಳಿಂದ ಒಂದೂವರೆ ವರ್ಷದ ನಡುವೆ ಗಡ್ಡೆ ಅನೇಕರಲ್ಲಿ ಊದಿಕೊಳ್ಳುತ್ತದೆ. ನಡುಭಾಗ ಕಪ್ಪಗಾಗುತ್ತದೆ, ಅಂದರೆ ಒಳಗೆ ಜೀವಕೋಶಗಳು ಸಾಯುತ್ತಿವೆ. ರಿಪೋರ್ಟಿನಲ್ಲಿ ಮಾತ್ರ "ಗಾತ್ರ ಹೆಚ್ಚಾಗಿದೆ" ಎಂದು ಬಂದುಬಿಡುತ್ತದೆ. ಅದನ್ನು ನೋಡಿ "ಫೇಲ್ ಆಯ್ತು" ಎಂದು ಬೇರೆ ಆಸ್ಪತ್ರೆಗೆ ಓಡಿ ಆಪರೇಷನ್ ಮಾಡಿಸಿಕೊಳ್ಳುವುದು ಅವಸರ. ತೊಂದರೆ ಏನೂ ಇಲ್ಲದಿದ್ದರೆ ಎರಡು ಮೂರು ವರ್ಷ ಕಾದು ನೋಡಬೇಕು. ಬಹುಪಾಲು ಮತ್ತೆ ಇಳಿಯುತ್ತವೆ. ಈ ಸಮಯದಲ್ಲಿ ಮುಖ ಮರಗಟ್ಟುವುದು, ಕಣ್ಣಿನ ರೆಪ್ಪೆ ಅದುರುವುದು, ವಾಲಾಟ ಜಾಸ್ತಿಯಾಗುವುದು ಕಂಡರೆ ತಿಳಿಸಿ, ಕೆಲವು ದಿನ ಸ್ಟೆರಾಯ್ಡ್ ಕೊಡುತ್ತಾರೆ. ವಿಪರೀತ ತಲೆನೋವು, ವಾಂತಿ, ಮಂಪರು ಇದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ.

"ಕಿರಣದಿಂದ ಕ್ಯಾನ್ಸರ್ ಬರುತ್ತಂತೆ" ಎಂಬ ಭಯವೂ ಇದೆ. 2019ರಲ್ಲಿ ಹಲವು ದೇಶಗಳ ಐದು ಆಸ್ಪತ್ರೆಗಳು ಗಾಮಾ ನೈಫ್ ಪಡೆದ 4,905 ಜನರ ದಾಖಲೆ ನೋಡಿದವು. ತಲೆಯೊಳಗೆ ಹೊಸ ಕ್ಯಾನ್ಸರ್ ಬಂದದ್ದು ಸಾಮಾನ್ಯ ಜನರಲ್ಲಿ ಬರುವಷ್ಟೇ ಅಪರೂಪವಾಗಿ. ಸೊನ್ನೆ ಅಲ್ಲ, ಆದರೆ ಇದರ ಭಯಕ್ಕೆ ಚಿಕಿತ್ಸೆ ಬಿಡುವಷ್ಟು ದೊಡ್ಡದೂ ಅಲ್ಲ. ಹಾಗೆಯೇ, ಮೊಬೈಲಿನಿಂದ ಈ ಗಡ್ಡೆ ಬರುತ್ತದೆ ಎಂಬ ಫಾರ್ವರ್ಡ್ ಪ್ರತಿ ವರ್ಷ ಸುತ್ತುತ್ತದೆ. ಡೆನ್ಮಾರ್ಕಿನಲ್ಲಿ ದೇಶದ ಜನರನ್ನೇ ಲೆಕ್ಕಕ್ಕೆ ತೆಗೆದುಕೊಂಡು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಇಂಥ ಫಾರ್ವರ್ಡ್ ಬಂದರೆ ಅಲ್ಲೇ ನಿಲ್ಲಿಸಿ.

*ಹೃದಯದ ತೊಂದರೆ ಇರುವವರಿಗೆ*

ತಲೆಬುರುಡೆ ತೆರೆಯುವ ಆಪರೇಷನ್ನಿಗೆ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ನಿಲ್ಲಿಸಬೇಕಾಗುತ್ತದೆ. ಹೊಸದಾಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ, ಅದರಲ್ಲೂ ಮೊದಲ ಆರು ತಿಂಗಳಿಂದ ಒಂದು ವರ್ಷದೊಳಗೆ, ಇದು ಅಪಾಯ. ಸ್ಟೆಂಟ್ ಮುಚ್ಚಿಕೊಳ್ಳಬಹುದು. ರೇಡಿಯೋಸರ್ಜರಿಯಲ್ಲಿ ಕೊಯ್ಯುವುದು ಇಲ್ಲವಾದ್ದರಿಂದ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸಬೇಕಾಗಿಲ್ಲ. ಚೌಕಟ್ಟಿನ ಸ್ಕ್ರೂ ಜಾಗದಲ್ಲಿ ಸ್ವಲ್ಪ ರಕ್ತ ಒಸರಬಹುದು, ಒತ್ತಿ ಹಿಡಿದರೆ ನಿಲ್ಲುತ್ತದೆ. ದಯವಿಟ್ಟು ನೀವಾಗಿಯೇ ಕ್ಲೊಪಿಡೋಗ್ರೆಲ್, ವಾರ್ಫರಿನ್ ನಿಲ್ಲಿಸಿಕೊಂಡು ಹೋಗಬೇಡಿ. ಎರಡೂ ಡಾಕ್ಟರು ಫೋನಿನಲ್ಲಿ ಮಾತಾಡಿಕೊಳ್ಳಲಿ.

ಸ್ಟೆಂಟ್ ಇದ್ದರೆ ಎಂಆರ್‌ಐಗೆ ಅಡ್ಡಿ ಇಲ್ಲ. ಕೃತಕ ಕವಾಟ ಇರುವವರಲ್ಲೂ ಬಹುತೇಕ ಎಲ್ಲರಿಗೂ ಮಾಡಬಹುದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ತಯಾರಾಗಿ 1990ರಿಂದ ಬಳಕೆಯಲ್ಲಿರುವ ಚಿತ್ರಾ ಕವಾಟ ನಮ್ಮ ಜನರಲ್ಲಿ ಅನೇಕರಿಗೆ ಇದೆ. ಯಾವ ಕವಾಟವೇ ಆಗಲಿ, ಅದರ ಕಾರ್ಡನ್ನು ಜತೆಗೆ ಒಯ್ದು ತೋರಿಸಿ. ಪೇಸ್‌ಮೇಕರ್ ಇದ್ದರೆ ಸ್ವಲ್ಪ ಕೆಲಸ ಇದೆ. ಈಗಿನ ಹಲವು ಪೇಸ್‌ಮೇಕರುಗಳು ಎಂಆರ್‌ಐಗೆ ಹೊಂದುವಂಥವು, ಆದರೆ ಸ್ಕ್ಯಾನಿಗೆ ಮುಂಚೆ ಅದರ ಸೆಟ್ಟಿಂಗ್ ಬದಲಿಸಿ, ಮುಗಿದ ಮೇಲೆ ಮತ್ತೆ ಸರಿಪಡಿಸಬೇಕು. ಹಳೆಯದಾದರೆ ಸಿಟಿ ಸ್ಕ್ಯಾನಿನ ಮೇಲೆ ಪ್ಲಾನ್ ಮಾಡುವುದೂ ಉಂಟು. ಕಿರಣದ ಗುರಿ ತಲೆಯೊಳಗೆ, ಎದೆಯವರೆಗೆ ತಲುಪುವುದು ಅತ್ಯಲ್ಪ. ಆದ್ದರಿಂದ ಹೃದಯಕ್ಕೂ ಪೇಸ್‌ಮೇಕರಿಗೂ ಅದು ದೊಡ್ಡ ಚಿಂತೆಯಲ್ಲ. ಸ್ಟೆರಾಯ್ಡ್ ಕೊಟ್ಟರೆ ಮಾತ್ರ ಶುಗರ್, ಬಿಪಿ ಏರುತ್ತವೆ. ಆ ವಾರ ದಿನಾ ನೋಡಿಕೊಳ್ಳಿ.

*ಎಲ್ಲಿ ಮಾಡಿಸುವುದು, ಖರ್ಚು ಹೇಗೆ*

ಭಾರತಕ್ಕೆ ಗಾಮಾ ನೈಫ್ ಬಂದದ್ದು 1997ರಲ್ಲಿ, ಮುಂಬೈಯ ಹಿಂದುಜಾ ಆಸ್ಪತ್ರೆಗೆ ಮತ್ತು ದೆಹಲಿಯ ಏಮ್ಸ್‌ಗೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗಾಮಾ ನೈಫ್ ಇದೆ, ಸರ್ಕಾರಿ ಸಂಸ್ಥೆ, ಕನ್ನಡದಲ್ಲೇ ಮಾತಾಡಬಹುದು. ಸರದಿ ಕಾಯಬೇಕಾಗಬಹುದು, ಈ ಗಡ್ಡೆಗೆ ಕೆಲವು ವಾರ ಕಾಯುವುದರಿಂದ ಸಾಮಾನ್ಯವಾಗಿ ನಷ್ಟವಿಲ್ಲ. ಎರ್ನಾಕುಲಂನಿಂದ ರಾತ್ರಿ ಬಸ್ಸೋ ಐಲ್ಯಾಂಡ್ ಎಕ್ಸ್‌ಪ್ರೆಸ್ಸೋ ಹಿಡಿದರೆ ಬೆಳಿಗ್ಗೆ ಬೆಂಗಳೂರು. ಚಿಕಿತ್ಸೆ ಒಂದೆರಡು ದಿನದ್ದು, ಆದರೆ ಆಮೇಲಿನ ಸ್ಕ್ಯಾನ್ ಹತ್ತು ವರ್ಷದ್ದು. ಆದ್ದರಿಂದ ಚಿಕಿತ್ಸೆ ಬೆಂಗಳೂರಿನಲ್ಲಾದರೂ, ಇಲ್ಲಿ ಹತ್ತಿರದಲ್ಲಿ ನೋಡಿಕೊಳ್ಳುವ ಒಬ್ಬ ನ್ಯೂರೋಸರ್ಜನ್ ಮತ್ತು ಒಬ್ಬ ಇಎನ್‌ಟಿಯವರನ್ನು ಗೊತ್ತುಮಾಡಿಕೊಳ್ಳಿ.

ಕಂಪನಿಯ ಇನ್ಶೂರೆನ್ಸ್ ಇರುವವರಿಗೆ: "ಆಪರೇಷನ್ ಅಲ್ಲ, ಒಂದೇ ದಿನದ್ದು, ಕ್ಲೇಮ್ ಸಿಗಲ್ಲ" ಎಂದು ಕೌಂಟರಿನಲ್ಲಿ ಹೇಳಿದರೆ ಅಲ್ಲಿಗೇ ಬಿಡಬೇಡಿ. ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ, ಪಾಲಿಸಿಯಿಂದ ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿ ಸ್ಟೀರಿಯೋಟ್ಯಾಕ್ಟಿಕ್ ರೇಡಿಯೋಸರ್ಜರಿಯ ಹೆಸರಿದೆ. ಆದರೆ ಕಂಪನಿಗಳು ಅದಕ್ಕೆ ಒಂದು ಮಿತಿ ಹಾಕಬಹುದು. ಪಾಲಿಸಿಯಲ್ಲಿ ಆ ಮಿತಿ ಎಷ್ಟು ಎಂದು ಅಡ್ಮಿಟ್ ಆಗುವ ಮುಂಚೆ ಎಚ್‌ಆರ್‌ನವರಿಂದ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.

ಒಂದು ಕಿವಿ ಹೋದವರಿಗೆ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಗೊತ್ತಾಗುವುದಿಲ್ಲ. ಸೀಪೋರ್ಟ್ ಏರ್‌ಪೋರ್ಟ್ ರಸ್ತೆ ದಾಟುವಾಗ ಹಾರ್ನ್ ಕೇಳಿಸುತ್ತದೆ, ಬಸ್ಸು ಎಡಗಡೆಯೋ ಬಲಗಡೆಯೋ ತಿಳಿಯದು. ಅಪ್ಪ ಅಮ್ಮನನ್ನು ಒಬ್ಬರೇ ದಾಟಲು ಬಿಡಬೇಡಿ. ಮನೆಯಲ್ಲಿ ಅವರ ಚೆನ್ನಾಗಿರುವ ಕಿವಿಯ ಕಡೆ ಕೂತು ಮಾತಾಡಿ. ಹೋದ ಕಿವಿಯ ಕಡೆಯ ಸದ್ದನ್ನು ಹಿಡಿದು ಒಳ್ಳೆಯ ಕಿವಿಗೆ ದಾಟಿಸುವ ಕ್ರಾಸ್ ಎಂಬ ಹಿಯರಿಂಗ್ ಏಡ್ ಇದೆ, ಅದನ್ನು ಕೆಲವು ದಿನ ಹಾಕಿ ನೋಡಿ ಆಮೇಲೆ ಕೊಳ್ಳುವ ಅವಕಾಶ ಕೇಳಿ. ಒಳ್ಳೆಯ ಕಿವಿಯನ್ನು ಇಯರ್‌ಫೋನಿನ ಜೋರು ಸದ್ದಿನಿಂದ ಕಾಪಾಡಿಕೊಳ್ಳಿ.

ಎಂಆರ್‌ಐ ಮಾಡಿಸಿದಾಗಲೆಲ್ಲ ರಿಪೋರ್ಟಿನ ಕಾಗದ ಮಾತ್ರ ತಂದರೆ ಸಾಲದು. ಸ್ಕ್ಯಾನಿನ ಪೂರ್ತಿ ಚಿತ್ರಗಳನ್ನು ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಕೇಳಿ ಪಡೆಯಿರಿ. ಅದರ ಮೇಲೆ ತಾರೀಖು ಬರೆದು, ಕನ್ನಡ ಪದಗಳ ಆಡಿಯೋಮೆಟ್ರಿ ಚೀಟಿ ಮತ್ತು ಕೊಟ್ಟ ಕಿರಣದ ಪ್ರಮಾಣ ಇರುವ ಡಿಸ್ಚಾರ್ಜ್ ಕಾಗದದ ಜತೆ ಒಂದೇ ಫೈಲಿನಲ್ಲಿಡಿ. ಒಂದೆರಡು ಮಿಲಿಮೀಟರ್ ವ್ಯತ್ಯಾಸವನ್ನು ಹಳೆಯ ಚಿತ್ರದ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಹೇಳಲು ಸಾಧ್ಯ. ಮನೆ ಖಾಲಿ ಮಾಡಿ ಬೇರೆ ಊರಿಗೆ ಹೋಗುವಾಗ ಆ ಫೈಲನ್ನು ಪ್ಯಾಕರ್ಸ್‌ನವರ ಡಬ್ಬಿಗೆ ಹಾಕಬೇಡಿ, ಕೈಚೀಲದಲ್ಲೇ ಇಟ್ಟುಕೊಳ್ಳಿ.